ಜೇನು ಮೆತ್ತಿದ ಗುಂಡಿ

ಅವಳು ಅವನನ್ನು ಮೊದಲು ನೋಡಲಿಲ್ಲ; ಅವನು ಎಂಜಲು ನುಂಗಿದ್ದನ್ನು ಕೇಳಿದಳು.

ಗುಳಕ್!

ಕಿವಿಗೆ ಬಿಗಿದ ಹೆಡ್‌ಫೋನಿನೊಳಗೆ ಆ ಸದ್ದು ಎಷ್ಟು ಹತ್ತಿರದಿಂದ ಬಂದಿತೆಂದರೆ, ಯಾವನೋ ಅಪರಿಚಿತ ತನ್ನ ಕಿವಿಗೇ ಬಾಯಿಟ್ಟು ನುಂಗಿದಂತಾಯಿತು. ಅವಳ ತೋಳಿನ ರೋಮಗಳೆಲ್ಲ ನಿಮಿರಿ ನಿಂತವು.

'ಥೂ! ಇದು ಗಂಟಲೋ, ಕೆಸರಿನ ಹೊಂಡವೋ?'

ತಲೆಯೆತ್ತಿ ನೋಡಿದಳು. ಗಾಜಿನಾಚೆಯ ಪುಟ್ಟ ಕೋಣೆಯಲ್ಲಿ, ಮೈಕಿನ ಮುಂದೆ, ಕುತ್ತಿಗೆಗೆ ಕಂದು ಮಫ್ಲರು ಸುತ್ತಿಕೊಂಡ ಎತ್ತರದ ಮನುಷ್ಯನೊಬ್ಬ ಕುಳಿತಿದ್ದ. ಅವನ ಮುಂದೆ ಓದಬೇಕಾದ ಕಾದಂಬರಿ. ಅದರ ಪಕ್ಕದಲ್ಲಿ ಒಂದು ಫ್ಲಾಸ್ಕು, ಹಸಿ ಶುಂಠಿಯ ಚೂರುಗಳ ಡಬ್ಬಿ, ಮುಚ್ಚಳವಿಲ್ಲದ ಒಂದು ಸ್ಟೀಲಿನ ಬಟ್ಟಲು. ಆ ಬಟ್ಟಲು ಯಾತಕ್ಕೆಂದು ಊಹಿಸುವುದಕ್ಕೂ ಅವಳಿಗೆ ಹೇಸಿಗೆಯಾಯಿತು.

"ನಮಸ್ಕಾರ ಮೇಡಂ. ಗಂಟಲು ಸ್ವಲ್ಪ ಕೆಟ್ಟಿದೆ. ಉಪ್ಪುನೀರಲ್ಲಿ ಒಂದ್ಸಲ ಮುಕ್ಕಳಿಸಿದ್ರೆ ದಾರಿಗೆ ಬರುತ್ತೆ" ಎಂದ ಅವನು, ನಗುತ್ತ.

ಅವಳ ಮೇಜಿನ ಮೇಲೊಂದು ಕೆಂಪು ಗುಂಡಿಯಿತ್ತು. ಅದನ್ನು ಒತ್ತಿ ಹಿಡಿದರೆ ಮಾತ್ರ ಅವಳ ಮಾತು ಗಾಜಿನಾಚೆ ಅವನ ಹೆಡ್‌ಫೋನಿಗೆ ತಲುಪುತ್ತಿತ್ತು. ಅವಳು ಗುಂಡಿಯನ್ನು ಒತ್ತಿ ಹೆಚ್ಚುಕಡಿಮೆ ಚೀರಿದಳು:

"ಒಳಗೆ ಬೇಡ! ದಯವಿಟ್ಟು ಒಳಗೆ ಬೇಡ!"

"ಅಯ್ಯೋ, ಒಳಗ್ಯಾಕೆ ಮುಕ್ಕಳಿಸಲಿ? ಹೊರಗೆ ನಲ್ಲಿ ಇದೆಯಲ್ಲ!"

ಅವನು ಎದ್ದು ಹೋದ. ಆದರೆ ಬಾಗಿಲನ್ನು ಸರಿಯಾಗಿ ಹಾಕಲಿಲ್ಲ. ಮೈಕು ತೆರೆದೇ ಇತ್ತು. ಗಳಗಳಗಳಗಳ... ಖ್ಯಾಕ್! ಮತ್ತೆ ಗಳಗಳ... ಅದಕ್ಕೊಂದು ರಾಗ ಬೇರೆ! ಏರುತ್ತ ಹೋಗಿ, ತುದಿಯಲ್ಲಿ ಒಂದು ಸುತ್ತು ತಿರುಗಿ, ಕಡೆಗೆ ತೊಪ್ಪೆಂದು ಕೆಳಗೆ ಬೀಳುತ್ತಿತ್ತು.

ಅವಳು ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಎಸೆದಳು.

*

ಅವಳ ಉದ್ಯೋಗವೇ ಅಂಥದು. ಕಥೆ ಕಾದಂಬರಿಗಳನ್ನು ಓದಿಸಿ, ಧ್ವನಿಮುದ್ರಿಸಿ ಮಾರುವ ಆ ಸಣ್ಣ ಸ್ಟುಡಿಯೋದಲ್ಲಿ ಓದುವವರ ಧ್ವನಿಯನ್ನು ತೊಳೆದು ಶುಚಿಗೊಳಿಸುವವಳು ಅವಳು. ತುಟಿ ಬಿಚ್ಚುವಾಗಿನ ಲೊಚ್ಚು, ನಾಲಗೆ ಅಂಗುಳಕ್ಕೆ ಅಂಟಿ ಬಿಡುವಾಗಿನ ಟಕ್ಕು, ಕಫದ ಗೊರಗೊರ, ಮೂಗಿನ ಸುಂಯ್‌ಸುಂಯ್... ಕೇಳುಗರ ಕಿವಿಗೆ ಇವು ಯಾವುವೂ ಬೀಳುವುದಿಲ್ಲ; ಏಕೆಂದರೆ ಅವರ ಪಾಲಿನ ಹೇಸಿಗೆಯನ್ನೆಲ್ಲ ಅವಳು ಮೊದಲೇ ಕೇಳಿ ಮುಗಿಸಿರುತ್ತಾಳೆ. ಜೇನುಕಂಠವೆಂದು ಲೋಕ ಕೊಂಡಾಡುವವರ ಬಾಯೊಳಗೆ ಎಂತೆಂಥ ಕೊಳಚೆ ಹರಿಯುತ್ತದೆಂಬುದು ಅವಳೊಬ್ಬಳಿಗೆ ಗೊತ್ತಿತ್ತು.

ಹಗಲೆಲ್ಲ ಬಾಯಿಗಳ ಒಳಗೇ ವಾಸ ಮಾಡಿದವಳಿಗೆ ಮನುಷ್ಯರ ಎದುರು ಕುಳಿತು ಊಟ ಮಾಡುವುದೂ ಶಿಕ್ಷೆಯಾಗಿತ್ತು. ಹೆಣ್ಣು ನೋಡಲು ಬಂದ ಮೊದಲನೆಯ ವರ ಚಹಾವನ್ನು ಸೊರ್ರೆಂದು ಹೀರಿದ. ಅಲ್ಲಿಗೆ ಮುಗಿಯಿತು. ಇನ್ನೊಬ್ಬ ಮಾತಿಗೊಮ್ಮೆ ಗಂಟಲು ಕೆರೆದುಕೊಂಡ. ಮತ್ತೊಬ್ಬ ಪಾಪ, ಏನನ್ನೂ ಮಾಡಲಿಲ್ಲ. ಬಾಳೆಹಣ್ಣು ತಿಂದ, ಅಷ್ಟೇ. ಅದು ಅವನ ಬಾಯೊಳಗೆ ಮೆತ್ತಗಾಗುವ ಸದ್ದನ್ನು ಕೇಳಿಸಿಕೊಂಡು ಅವಳು ಎದ್ದು ಒಳಗೆ ಹೋದವಳು ಮತ್ತೆ ಹೊರಗೆ ಬರಲೇ ಇಲ್ಲ.

ತಾಯಿಯಿಲ್ಲದ ಅವಳನ್ನು ಸಾಕಿದ ಚಿಕ್ಕಮ್ಮ ದರ್ಜಿ. ಹೊಲಿಗೆ ಯಂತ್ರದ ಪೆಡಲನ್ನು ತುಳಿಯುತ್ತಲೇ ಬೈಯುತ್ತಿದ್ದಳು:

"ನಿಂಗೆ ಗಂಟಲೇ ಇಲ್ಲದ ಗಂಡು ಹುಡುಕಬೇಕು ಕಣೇ! ಬಟ್ಟೆ ಅಂಗಡಿ ಗಾಜಿನೊಳಗೆ ಬೊಂಬೆ ನಿಲ್ಲಿಸಿರ್ತಾರಲ್ಲ, ನಾಳೆ ಹೋಗಿ ಅದನ್ನೇ ಒಪ್ಪಿಸಿ ಕರ್ಕೊಂಡು ಬರ್ತೀನಿ. ಗಂಟಲೂ ಇರಲ್ಲ, ತಲೇನೂ ಇರಲ್ಲ. ಒಳ್ಳೇ ಜೋಡಿ!"

ಅವಳು ನಗುತ್ತಿದ್ದಳು. ಆದರೆ ದೀಪವಾರಿಸಿ ಮಲಗಿದಾಗ ಒಂದು ಭಯ ಎದೆಯ ಮೇಲೆ ಬಂದು ಕೂರುತ್ತಿತ್ತು. 'ಎಲ್ಲರ ಗಂಟಲೂ ಹೀಗೇ ಇದ್ದರೆ... ನಾನು ಯಾರ ಹತ್ತಿರಕ್ಕೂ ಹೋಗಲಾರದೆ ಹೀಗೇ ಉಳಿದುಬಿಡುತ್ತೇನೆಯೆ?'

*

ಆ ದಿನ ಅವನು ಮುಕ್ಕಳಿಸಿ ಬಂದು ಕುಳಿತು, ಮೊದಲ ವಾಕ್ಯವನ್ನು ಓದಿದ.

ಅವಳ ಕೈ ನಿಂತುಬಿಟ್ಟಿತು.

ಆ ಧ್ವನಿಯಲ್ಲಿ ಒಂದು ಒಡಕಿತ್ತು. ಚೆನ್ನಾಗಿ ಬಳಸಿದ ಮರದ ಬಾಗಿಲು ಕಿರ್ರೆನ್ನುವಂತೆ, ಒಳಗೆ ಯಾರೋ ಇದ್ದಾರೆಂಬ ಭರವಸೆಯನ್ನು ಕೊಡುವ ಒಡಕು. ಕಾದಂಬರಿ ಒಬ್ಬ ದೋಣಿಯವನ ಕಥೆ. ಅವನು ಓದುತ್ತಿದ್ದರೆ ಕತ್ತಲೆಯ ನೀರು ಅವಳ ಕಾಲಬುಡದವರೆಗೂ ಬರುತ್ತಿತ್ತು. ಇನ್ನೇನು ಅವಳು ಪೂರ್ತಿ ಮುಳುಗಬೇಕು, ಅಷ್ಟರಲ್ಲಿ ಗುಳಕ್!

'ಛೀ! ದೇವರು ಇಂಥ ಧ್ವನಿಯನ್ನು ಇಂಥ ಗಂಟಲಿನಲ್ಲಿ ಯಾಕಿಟ್ಟ?'

ಓದು ಮುಗಿದ ಮೇಲೆ ಒಂದು ಪದ್ಧತಿಯಿತ್ತು. ಓದಿದವನು ಮೈಕಿನ ಮುಂದೆ ಅಲುಗಾಡದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಆ ಮೌನವನ್ನು ಅವಳು ಮುದ್ರಿಸಿಕೊಳ್ಳಬೇಕು. ಹೊಲಸು ಸದ್ದನ್ನು ಕತ್ತರಿಸಿದ ಕಡೆ ತೂತಾಗುತ್ತದೆ. ಅಲ್ಲಿ ಬರಿಯ ಶೂನ್ಯವನ್ನಿಟ್ಟರೆ ಕೇಳುವ ಕಿವಿ ಎಡವುತ್ತದೆ. ಹರಿದ ಬಟ್ಟೆಗೆ ಅದೇ ಬಟ್ಟೆಯ ತೇಪೆ ಹಾಕುವಂತೆ, ಅದೇ ಕೋಣೆಯಲ್ಲಿ ಅದೇ ಮನುಷ್ಯ ಕುಳಿತಿದ್ದಾಗಿನ ಮೌನವನ್ನೇ ಅಲ್ಲಿ ತೇಪೆ ಹಾಕಬೇಕು.

ಹಾಗೆ ದಿನವೂ ಅವರಿಬ್ಬರು ಗಾಜಿನ ಎರಡು ಬದಿಗೆ ಸುಮ್ಮನೆ ಕುಳಿತರು. ನೋಡಲು ಬೇರೇನೂ ಇಲ್ಲದ್ದರಿಂದ ಒಬ್ಬರನ್ನೊಬ್ಬರು ನೋಡಿದರು.

ಮೌನ ಮುಗಿದಾಗ ಅವನು ಗಟ್ಟಿಯಾಗಿ ಉಸಿರು ಬಿಟ್ಟು ಹೇಳುತ್ತಿದ್ದ: "ನುಂಗಲಿಲ್ಲ ಕತ್ತರಿ ಮೇಡಂ! ನಿಮಗೋಸ್ಕರ ತಡ್ಕೊಂಡೆ."

"ಬಹಳ ಉಪಕಾರವಾಯ್ತು."

"ನಿಮ್ಮ ಮುಖ ನೋಡಿದ್ರೆ ಬಾಯಲ್ಲಿ ನೀರೂರೋದೇ ನಿಂತುಹೋಗುತ್ತೆ ಬಿಡಿ."

"ಅಷ್ಟು ಕೆಟ್ಟದಾಗಿದ್ಯಾ?"

"ಅಷ್ಟು ಕಹಿಯಾಗಿದೆ. ಔಷಧಿ ಥರ!"

ಒಮ್ಮೆ ಅವಳು ತಡೆಯಲಾರದೆ ಕೇಳಿದಳು: "ದಿನಾ ಗಂಟಲು ಹೀಗೆ ಹರ್ಕೊಂಡು ಬರ್ತೀರಲ್ಲ, ಬೆಳಿಗ್ಗೆ ಎದ್ದು ಯಾರ ಜೊತೆ ಜಗಳ ಆಡ್ತೀರಿ?"

"ಊರಿನವರೆಲ್ಲರ ಜೊತೆ!" ಎಂದು ನಕ್ಕು, ಶುಂಠಿಯ ಚೂರನ್ನು ದವಡೆಗೆ ಒತ್ತರಿಸಿಕೊಂಡು ಹೊರಟುಹೋದ. ಆ ಶುಂಠಿಯ ನಾರನ್ನು ಅವನು ಜಗಿದು ಜಗಿದು ಕಡೆಗೆ ಬಟ್ಟಲಿಗೆ ಉಗಿಯುವುದನ್ನು ನೆನೆದರೇ ಅವಳಿಗೆ ಮೈ ಮುದುಡುತ್ತಿತ್ತು. ಆದರೂ... ಮೌನವನ್ನು ಮುದ್ರಿಸುವಾಗ ಅವಳು ಧ್ವನಿಯ ಮಟ್ಟವನ್ನು ಕೆಲಸಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಿಸುತ್ತಿದ್ದಳು. ಅವನ ಉಸಿರು ಕೇಳುತ್ತಿತ್ತು. ಮಫ್ಲರಿನ ಉಣ್ಣೆ ಗಡ್ಡಕ್ಕೆ ಸವರುವುದೂ ಕೇಳುತ್ತಿತ್ತು.

'ಕೆಲಸಕ್ಕೋಸ್ಕರ' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

*

ಕಾದಂಬರಿಯ ಕೊನೆಯ ಅಧ್ಯಾಯಗಳ ಹೊತ್ತಿಗೆ ಅವಳ ಗಂಟಲೂ ಕೆರೆಯಲು ಆರಂಭಿಸಿತು.

ಚಿಕ್ಕಮ್ಮನಿಗೆ ಇಂಥ ಅವಕಾಶ ಸಿಗುವುದು ಅಪರೂಪ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಬಾಟಲಿಗೆ ತುಂಬಿ, ಮೇಲೆ ಜೇನು ಸುರಿದು, ಇಡೀ ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ಅವಳ ಚೀಲಕ್ಕೆ ತುರುಕಿದಳು.

"ಗಂಟೆಗೊಂದು ಚಮಚ. ನುಂಗಬೇಕು. ಮೂಸಿ ನೋಡ್ಬೇಡ, ಸುಮ್ನೆ ನುಂಗು!"

ಸ್ಟುಡಿಯೋದಲ್ಲಿ ಅವಳು ಚೀಲಕ್ಕೆ ಕೈಹಾಕಿದರೆ ಬೆರಳಿಗೆ ತಂಪಾದುದೇನೋ ಹತ್ತಿತು. ಮುಚ್ಚಳ ಸಡಿಲವಾಗಿ, ಬಾಟಲಿಯ ಹೊರಮೈಯೆಲ್ಲ ಲೋಳೆಲೋಳೆಯಾಗಿತ್ತು. ಒಳಗೆ ಬಾಡಿದ ಉಗುರುಗಳಂಥ ಈರುಳ್ಳಿ ಚೂರುಗಳು ಮಂದ ದ್ರವದಲ್ಲಿ ತೇಲುತ್ತಿದ್ದವು. ಕಂಕುಳಿನ ವಾಸನೆಗೆ ಸಕ್ಕರೆ ಬೆರೆಸಿದಂತೆ ಒಂದು ನಾತ! ಕಣ್ಣು ಮುಚ್ಚಿ ಒಂದು ಚಮಚವನ್ನು ಬಾಯಿಗಿಟ್ಟಳು. ಒಂದು ಚೂರು ನಾಲಗೆಯ ಮೇಲೆ ಜೀವವಿದ್ದಂತೆ ಜಾರಿತು...

"ವ್ಯಾ!"

ಎಲ್ಲವನ್ನೂ ಕಾಗದಕ್ಕೆ ಉಗುಳಿ, ಅಂಟು ಬೆರಳನ್ನು ಅವಸರದಲ್ಲಿ ಒರೆಸಿ, ಅದೇ ಬೆರಳಿನಿಂದ ಕೆಂಪು ಗುಂಡಿಯನ್ನು ಒತ್ತಿದಳು. "ಶುರು ಮಾಡಿ."

ಗಾಜಿನಾಚೆ ಅವನು ತಲೆಯಾಡಿಸಿ ಓದತೊಡಗಿದ. ಅಷ್ಟರಲ್ಲಿ ಅವಳ ಫೋನು ಅದುರಿತು. ಅವಳು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡಳು.

"ಔಷಧಿ ನುಂಗಿದ್ಯೇನೇ?" ಚಿಕ್ಕಮ್ಮ.

"ನುಂಗಿದೆ."

"ಸುಳ್ಳಿ! ಅದಿರಲಿ. ಆ ಓದೋ ಹುಡುಗನ್ನ ಒಂದಿನ ಮನೆಗೆ ಕರಿ, ನೋಡ್ತೀನಿ."

"ಯಾ... ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀಯಾ? ಊಟಕ್ಕೆ ಕೂತ್ರೆ ಅವನ ಗಂಟಲಿಂದೇ ಮಾತು. ಅವನು ಹಿಂಗೆ ನುಂಗಿದ, ಹಂಗೆ ಮುಕ್ಕಳಿಸಿದ... ಬೈತಾ ಬೈತಾ ನಿನ್ನ ಕೆನ್ನೆ ಕೆಂಪಗಾಗೋದು ನಂಗೆ ಕಾಣಲ್ವಾ?"

ಯಾವುದನ್ನು ತಾನೇ ಇನ್ನೂ ಒಪ್ಪಿಕೊಂಡಿರಲಿಲ್ಲವೋ ಅದನ್ನು ಇನ್ನೊಬ್ಬರು ಎತ್ತಿ ಬೆಳಕಿಗೆ ಹಿಡಿದಿದ್ದರು! ಹೆದರಿದವರು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ, ಅವಳೂ ಎಸೆದಳು.

"ಅವನಾ? ಥೂ! ಆ ಮನುಷ್ಯನ ಗಂಟಲು ಚರಂಡಿ, ಚಿಕ್ಕಮ್ಮಾ! ದಿನಾ ಮೋರಿ ತೊಳೆಯೋ ಹಾಗೆ ತೊಳೀತೀನಿ ನಾನು. ಅಂಥವನ ಜೊತೆ ಒಂದೇ ತಟ್ಟೇಲಿ... ಅಬ್ಬಾ, ನೆನೆಸಿಕೊಂಡ್ರೇ ವಾಕರಿಕೆ ಬರುತ್ತೆ! ಸಂಬಳಕ್ಕೋಸ್ಕರ ಸಹಿಸ್ಕೊಂಡಿದ್ದೀನಿ, ಅಷ್ಟೇ."

"ಇಷ್ಟುದ್ದ ಬೈದೆ ಅಂದ್ರೆ ಖಂಡಿತ ಏನೋ ಇದೆ" ಎಂದು ಚಿಕ್ಕಮ್ಮ ಫೋನಿಟ್ಟಳು.

ಅವಳು ಹೆಡ್‌ಫೋನನ್ನು ಮತ್ತೆ ಏರಿಸಿದಾಗ ಓದು ನಡೆದೇ ಇತ್ತು. ಎಂದಿಗಿಂತ ನಿಧಾನವಾಗಿ, ಎಂದಿಗಿಂತ ಚೊಕ್ಕವಾಗಿ.

ಅಧ್ಯಾಯ ಮುಗಿಯಿತು. ಅವನು ಪುಸ್ತಕವನ್ನು ಮುಚ್ಚಿದ. ಮೌನಕ್ಕೆ ಕೂರಲಿಲ್ಲ. ಫ್ಲಾಸ್ಕು, ಡಬ್ಬಿ, ಬಟ್ಟಲು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ತಾನು ಕುಳಿತಿದ್ದ ಮೇಜನ್ನು ಕರವಸ್ತ್ರದಿಂದ ಒರೆಸಿ, ಅವಳತ್ತ ಒಮ್ಮೆಯೂ ನೋಡದೆ ಹೊರಟುಹೋದ.

ಮುಕ್ಕಳಿಸಲು ಹೋಗಿರಬೇಕೆಂದು ಅವಳು ಕಾದಳು. ಅವನು ತಿರುಗಿ ಬರಲಿಲ್ಲ.

*

ಮರುದಿನವೂ ಬರಲಿಲ್ಲ. ಅವಳ ಫೋನನ್ನು ಎತ್ತಲಿಲ್ಲ. ಅದರ ಮರುದಿನ ಸ್ಟುಡಿಯೋದ ಮಾಲೀಕರು ಒಬ್ಬ ನುಣುಪಾದ ಯುವಕನನ್ನು ಕರೆದುಕೊಂಡು ಬಂದರು.

"ಅವನಿಗೆ ಗಂಟಲು ಪೂರ್ತಿ ಹೋಗಿದೆಯಂತೆ ತಾಯೀ. ಬೇರೆಯವರನ್ನ ನೋಡ್ಕೊಳ್ಳಿ ಅಂದ. ಒಂದೇ ಪುಸ್ತಕಕ್ಕೆ ಎರಡು ಧ್ವನಿ ಆಗಲ್ಲ. ಸೋಮವಾರದಿಂದ ಇವರು ಮೊದಲಿನಿಂದ ಓದ್ತಾರೆ. ಹಳೇದೆಲ್ಲ ಅಳಿಸಿಬಿಡು."

"ಎ... ಎಲ್ಲಾನೂ?"

"ಇನ್ನೇನು, ಉಪ್ಪಿನಕಾಯಿ ಹಾಕ್ತೀಯಾ?"

ಹೊಸಬ ಪರೀಕ್ಷೆಗೆಂದು ಒಂದು ಪುಟವನ್ನು ಓದಿದ. ನುಂಗಲಿಲ್ಲ. ಕೆಮ್ಮಲಿಲ್ಲ. ತುಟಿಯ ಲೊಚ್ಚೂ ಇಲ್ಲ, ಉಸಿರಿನ ಸುಳಿವೂ ಇಲ್ಲ. ಅವಳು ಇಷ್ಟು ಕಾಲ ಬಯಸಿದ ಗಂಟಲು ಅದೇ! ಆದರೆ ಕೇಳುತ್ತ ಕೇಳುತ್ತ, ಯಾರೋ ಸೋಪಿನ ತುಂಡನ್ನು ಬಾಯಿಗೆ ತುರುಕಿದಂತೆ ಅವಳಿಗೆ ಓಕರಿಕೆ ಬಂದಿತು. ಈ ಮನುಷ್ಯನ ದೋಣಿಯ ಕೆಳಗೆ ನೀರೇ ಇರಲಿಲ್ಲ.

"ಸಾಕು" ಎನ್ನಲು ಕೆಂಪು ಗುಂಡಿಯತ್ತ ಕೈಚಾಚಿದಳು.

ಗುಂಡಿಯ ಸುತ್ತ ಇರುವೆಗಳು.

ಮೇಜಿನ ಅಂಚಿನಿಂದ ಸಾಲುಗಟ್ಟಿ ಬಂದು, ಗುಂಡಿಯ ಬದಿಯ ಸಂದಿನಲ್ಲಿ ಮುತ್ತಿಕೊಂಡಿದ್ದವು. ಗುಂಡಿ ಒಳಕ್ಕೆ ಕುಸಿದಂತೆಯೇ ಅಂಟಿ ನಿಂತಿತ್ತು. ಉಗುರಿನಿಂದ ಮೀಟಿದಾಗ ಟಪ್ಪೆಂದು ಮೇಲೆದ್ದಿತು. ಜೊತೆಗೆ ಹೊಂಬಣ್ಣದ ಒಂದು ಎಳೆ.

ಜೇನು!

'ಅಂದರೆ ಆ ದಿನ... ಫೋನಿನಲ್ಲಿ ನಾನು ಆಡಿದ್ದೆಲ್ಲ... ಅವನ ಕಿವಿಯೊಳಗೆ...'

ಎಲ್ಲರೂ ಹೋದ ಮೇಲೆ ಅವಳು ಆ ದಿನದ ಮುದ್ರಣವನ್ನು ತೆರೆದಳು. ಅವನು ಓದುತ್ತಿದ್ದ: "ದೋಣಿ ಮೆಲ್ಲಗೆ ದಡವನ್ನು ಬಿಟ್ಟಿತು..." ಅಲ್ಲಿ ಒಂದು ನಿಲುಗಡೆ. ಅವಳು ಧ್ವನಿಯ ಮಟ್ಟವನ್ನು ಏರಿಸಿದಳು. ಇನ್ನೂ ಏರಿಸಿದಳು. ಅವನ ಹೆಡ್‌ಫೋನಿನಿಂದ ಸೋರಿ ಅವನದೇ ಮೈಕಿಗೆ ಬಿದ್ದ ಒಂದು ಧ್ವನಿ, ಡಬ್ಬಿಯೊಳಗಿನ ನೊಣದಂತೆ ಸಣ್ಣಗೆ, ಕೀರಲಾಗಿ:

"...ಗಂಟಲು ಚರಂಡಿ... ಮೋರಿ ತೊಳೆಯೋ ಹಾಗೆ... ವಾಕರಿಕೆ ಬರುತ್ತೆ... ಸಂಬಳಕ್ಕೋಸ್ಕರ..."

ಅವಳ ಧ್ವನಿ. ಇಷ್ಟು ಹೊಲಸಾದ ಸದ್ದನ್ನು ಅವಳು ತನ್ನ ವೃತ್ತಿಯಲ್ಲೇ ಕೇಳಿರಲಿಲ್ಲ.

ಆಮೇಲೆ, ಗುಳಕ್.

ಅವನು ನುಂಗಿದ್ದು. ಅದು ಎಂಜಲಲ್ಲವೆಂಬುದು ಯಾರಿಗಾದರೂ ತಿಳಿಯುತ್ತಿತ್ತು. ಒಂದು ಉಸಿರು. ಮತ್ತೆ ಅದೇ ಧ್ವನಿ, ಒಡಕೂ ಕಾಣದಷ್ಟು ಜಾಗರೂಕವಾಗಿ: "ತಿರುಗಿ ನೋಡುವ ಅಭ್ಯಾಸ ದೋಣಿಯವನಿಗೆ ಇರಲಿಲ್ಲ."

ಅಲ್ಲಿಂದ ಅಧ್ಯಾಯದ ಕೊನೆಯವರೆಗೂ ಅವನು ಮತ್ತೊಮ್ಮೆ ನುಂಗಿರಲಿಲ್ಲ. ಹಾಗೆ ತಡೆಹಿಡಿದುಕೊಂಡೇ ಓದಿ ಮುಗಿಸಿದ್ದ.

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಮೂಗು ಸೋರಿತು, ಗಂಟಲಲ್ಲಿ ಕಫ ಗೊರಗೊರವೆಂದಿತು. ತನ್ನ ಬಗ್ಗೆಯೇ ಅಷ್ಟು ಅಸಹ್ಯ ಅವಳಿಗೆ ಎಂದೂ ಆಗಿರಲಿಲ್ಲ.

*

"ಮನೆ ಎಲ್ಲಿ ಅಂತ ಗೊತ್ತಿಲ್ಲ ತಾಯೀ" ಎಂದರು ಮಾಲೀಕರು. "ಬೆಳಿಗ್ಗೆ ತರಕಾರಿ ಮಂಡಿಯಲ್ಲಿ ಹರಾಜು ಕೂಗ್ತಾನೆ. ನಾನು ಅವನನ್ನ ಕಂಡಿದ್ದೂ ಅಲ್ಲೇ. ನಿಂತು ಕೇಳ್ತಾ ಕೇಳ್ತಾ, ಬೇಡದ ಮೂಲಂಗಿ ಒಂದು ಮೂಟೆ ಕೊಂಡ್ಕೊಂಡು ಬಂದಿದ್ದೆ! ಮನೆಯವಳು ಇವತ್ತಿಗೂ ಕ್ಷಮಿಸಿಲ್ಲ."

ಊರಿನವರೆಲ್ಲರ ಜೊತೆ ಜಗಳ! ಅವಳಿಗೆ ಈಗ ಅರ್ಥವಾಯಿತು.

"ಸೋಮವಾರದವರೆಗೆ ಏನನ್ನೂ ಅಳಿಸಲ್ಲ ಸರ್" ಎನ್ನಲು ಬಾಯಿ ತೆರೆದಳು. ಬರಿಯ ಗಾಳಿ ಹೊರಟಿತು. ಅಳುವಿನಿಂದಲೋ ಸೋಂಕಿನಿಂದಲೋ, ಅವನ ವಿಳಾಸ ಕೇಳುವಾಗಲೇ ಕುಗ್ಗಿದ್ದ ಅವಳ ಧ್ವನಿ ಈಗ ಪೂರ್ತಿ ಹೋಗಿತ್ತು.

ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಅವಳು ಮಂಡಿಗೆ ಹೋದಳು. ತುಳಿದ ಕಡೆಯೆಲ್ಲ ಕೊಳೆತ ಕೋಸಿನ ಎಲೆ, ಜಜ್ಜಿಹೋದ ಟೊಮೆಟೊ, ಚಪ್ಪಲಿಗೆ ಹತ್ತುವ ಲೋಳೆ. ನೊಣಗಳ ಗುಂಯ್‌ಕಾರ. ಸುತ್ತ ಕಿವಿ ತೂತಾಗುವಂಥ ಕೂಗಾಟ: "ಮೇಲೆ ಹೇಳ್ರೋ! ನಿದ್ದೆ ಮಾಡ್ತೀರೇನ್ರೋ!" ಮೂಗಿಗೆ ಸೆರಗನ್ನೊತ್ತಿಕೊಂಡು ಅವಳು ಹುಡುಕಿದಳು.

ಗುಡ್ಡೆಗಟ್ಟಿದ ಮೂಟೆಗಳ ಮೇಲೆ ನಿಂತು ಬೇರೆ ಯಾರೋ ಕೂಗುತ್ತಿದ್ದರು. ಅವನು ಕೆಳಗೆ, ತಕ್ಕಡಿಯ ಪಕ್ಕದಲ್ಲಿ, ಮಫ್ಲರು ಸುತ್ತಿಕೊಂಡು ಕೈಸನ್ನೆಯಲ್ಲಿ ಕೂಲಿಯವರಿಗೆ ದಾರಿ ತೋರಿಸುತ್ತಿದ್ದ. ಅವಳನ್ನು ಕಂಡವನೇ ಹತ್ತಿರ ಬಂದ. ಅವನಿಗೂ ಧ್ವನಿಯಿರಲಿಲ್ಲ, ಮರಳು ಕಾಗದ ಉಜ್ಜಿದಂಥ ಪಿಸುಮಾತು.

"ಇಲ್ಲಿಗ್ಯಾಕೆ ಬಂದ್ರಿ ಮೇಡಂ? ಇಲ್ಲಿ ನಿಜವಾದ ಚರಂಡೀನೇ ಇದೆ."

ಅವಳು ಏನೋ ಹೇಳಿದಳು. ಆ ಗದ್ದಲದಲ್ಲಿ ತುಟಿಗಳಷ್ಟೇ ಅಲ್ಲಾಡಿದವು.

"ಏನು? ಕೇಳಿಸ್ತಿಲ್ಲ."

ಬೇರೆ ದಾರಿಯಿರಲಿಲ್ಲ. ಅವಳು ತುದಿಗಾಲಿನಲ್ಲಿ ನಿಂತು, ಅವನ ಕಿವಿಗೇ ಬಾಯಿಟ್ಟಳು. ಬೆವರು, ಈರುಳ್ಳಿ ಸಿಪ್ಪೆ, ಶುಂಠಿ ಎಲ್ಲವೂ ಒಟ್ಟಿಗೆ ಮೂಗಿಗೆ ಬಡಿದವು.

"ಗುಂಡಿ... ಜೇನಿಗೆ ಅಂಟ್ಕೊಂಡಿತ್ತು. ನಂಗೆ ಗೊತ್ತಾಗ್ಲಿಲ್ಲ."

"ಅಂಟ್ಕೊಂಡಿದ್ದು ಗುಂಡಿ. ಮಾತು ನಿಮ್ಮದೇ ಅಲ್ವಾ?"

ಅವಳ ಕಣ್ಣು ತುಂಬಿತು. ತಲೆಯಾಡಿಸಿದಳು. ಹೌದು.

"ಹಾಗಾದ್ರೆ ನನ್ನ ಗಂಟಲು ಚರಂಡಿ."

"ಚರಂಡೀನೇ!" ಎಂದುಬಿಟ್ಟಳು ಅವಳು, ಅವನ ಕಿವಿಯೊಳಗೆ. "ಅದು ಸುಳ್ಳಲ್ಲ. ಅಸಹ್ಯ ಆಗೋದೂ ಸುಳ್ಳಲ್ಲ. ಸಂಬಳಕ್ಕೋಸ್ಕರ ಅಂದೆನಲ್ಲ... ಅದು ಸುಳ್ಳು. ನೀವಂದ್ರೆ ಇಷ್ಟ ಅಂತ ಚಿಕ್ಕಮ್ಮಂಗೆ ಗೊತ್ತಾಗಿಹೋಗಿತ್ತು. ಹೆದರಿ ಬೈದುಬಿಟ್ಟೆ. ನೀವು ಆಮೇಲೆ ನುಂಗಿದ್ದನ್ನ ಕೇಳಿದೆ... ಇನ್ನೊಂದ್ಸಲ ನಂಗೋಸ್ಕರ ಹಾಗೆ ತಡ್ಕೋಬೇಡಿ. ನುಂಗಿ. ಕೆಮ್ಮಿ. ಏನು ಬೇಕಾದ್ರೂ ಮಾಡಿ, ಆದ್ರೆ ಬನ್ನಿ! ನಿಮ್ಮ ಧ್ವನೀನ ಅಳಿಸು ಅಂತಿದ್ದಾರೆ. ನನ್ನ ಕೈಲಿ ಆಗಲ್ಲ..."

ಅವಳಿಗೆ ಕೆಮ್ಮು ಒತ್ತರಿಸಿ ಬಂದಿತು. ಅವನ ಭುಜವನ್ನು ಹಿಡಿದು ಕೆಮ್ಮಿದಳು, ಒದ್ದೆಯಾಗಿ, ಕರ್ಕಶವಾಗಿ, ತಡೆಯಿಲ್ಲದೆ.

ಅವನು ಅವಳ ಮುಖವನ್ನೇ ನೋಡಿದ. ನಗಬೇಕೋ ಅಳಬೇಕೋ ತಿಳಿಯದ ಮುಖ ಅವನದು.

"ಕತ್ತರಿ ಮೇಡಂ... ನಿಮ್ಮ ಗಂಟಲೂ ಚರಂಡಿ ಆಗಿದೆ. ಬನ್ನಿ."

ಗೋದಾಮಿನ ಹಿಂದೆ ಕೂಲಿಯವರು ಚಹಾ ಕಾಯಿಸುವ ಒಲೆಯಿತ್ತು. ಅವನು ನೀರು ಬಿಸಿ ಮಾಡಿ, ಉಪ್ಪು ಹಾಕಿ, ಬೆರಳಿನಿಂದ ಬಿಸಿ ನೋಡಿ ಲೋಟವನ್ನು ಚಾಚಿದ.

"ಇಲ್ಲಿ? ನಿಮ್ಮ ಮುಂದೆ?" ಅವಳು ಹಿಂದೆ ಸರಿದಳು.

"ಇಷ್ಟು ದಿನ ನಾನು ನಿಮ್ಮ ಕಿವೀಲಿ ಮುಕ್ಕಳಿಸಿದ್ದೀನಿ. ಒಂದಿನ ನನ್ನ ಕಿವಿಗೂ ಬೀಳಲಿ."

ಅವಳು ತಲೆಯನ್ನು ಹಿಂದಕ್ಕೆಸೆದು ಮುಕ್ಕಳಿಸಿದಳು. ಗಳಗಳಗಳ... ನಾಚಿಕೆಯಿಂದ ಕಿವಿಗಳು ಸುಟ್ಟವು. ಉಗುಳಿದಾಗ ಗಲ್ಲದಿಂದ ಒಂದು ಲೋಳೆಯ ಎಳೆ ಜೋತುಬಿದ್ದು, ತುಂಡಾಗದೆ ತೂಗಾಡಿತು. ಸತ್ತುಹೋಗಬೇಕೆನ್ನಿಸಿತು ಅವಳಿಗೆ! ಅವನು ಮುಂದೆ ಬಂದು ಮಫ್ಲರಿನ ತುದಿಯಿಂದ ಅದನ್ನು ಒರೆಸಿದ. ಮಗುವಿನ ಬಾಯಿ ಒರೆಸುವಷ್ಟು ಸಹಜವಾಗಿ.

"ರಾಗವೇ ಇಲ್ಲವಲ್ಲ ನಿಮಗೆ!" ಎಂದ. "ಕಲಿಸ್ತೀನಿ."

ಅವಳು ಅಳುತ್ತಲೇ ನಕ್ಕಳು. ಚೀಲದಿಂದ ಬಾಟಲಿಯನ್ನು ತೆಗೆದಳು. ಚಮಚ ಒಂದೇ ಇತ್ತು. ಅವನು ಮುಚ್ಚಳ ತೆರೆದು, ಮೂಸಿ, ಮುಖವನ್ನು ಕಿವುಚಿ, ಒಂದು ಚಮಚ ನುಂಗಿದ. ಗುಳಕ್. ಆಮೇಲೆ ಚಮಚವನ್ನು ತೊಳೆಯಲು ನಲ್ಲಿಯತ್ತ ತಿರುಗಿದ.

ಅವಳು ಅವನ ಕೈಯನ್ನು ಹಿಡಿದಳು.

ಆ ಚಮಚದ ಗುಳಿಯಲ್ಲಿ ಅವನ ಬಾಯಿಯ ತೇವ ಇನ್ನೂ ಹೊಳೆಯುತ್ತಿತ್ತು. ಅವಳು ಅದೇ ಚಮಚವನ್ನು ಬಾಟಲಿಗೆ ಅದ್ದಿ, ಕಣ್ಣು ತೆರೆದುಕೊಂಡೇ ಬಾಯಿಗಿಟ್ಟು, ಈರುಳ್ಳಿಯ ಜಾರುವ ಚೂರುಗಳ ಸಮೇತ ನುಂಗಿದಳು. ಹೇಸಿಗೆ ಹೋಗಲಿಲ್ಲ. ಆದರೆ ಅದು ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಜಾಗ ಬಿಟ್ಟಿತು.

"ಹೆಂಗಿದೆ?" ಅವನ ಪಿಸುಮಾತು.

"ಅಸಹ್ಯ... ಇನ್ನೊಂದು ಚಮಚ ಕೊಡಿ."

*

ಸೋಮವಾರ ಅವನು ಬಂದ. ಧ್ವನಿ ಅರ್ಧದಷ್ಟೇ ಮರಳಿತ್ತು. ಮಾಲೀಕರು ಗಾಜಿನ ಈಚೆ ಕೈಕಟ್ಟಿ ನಿಂತು, ಕೊನೆಯ ಅಧ್ಯಾಯದ ಮೊದಲ ಪುಟವನ್ನು ಕೇಳಿ, ನುಣುಪಾದ ಯುವಕನಿಗೆ ಫೋನು ಮಾಡಲು ಹೊರಗೆ ಹೋದರು. "ಅಳಿಸಬೇಡ ತಾಯೀ" ಎಂದಷ್ಟೇ ಹೇಳಿದರು. ಕಾದಂಬರಿಯ ಕೊನೆಯಲ್ಲಿ ಬರುವ ದೋಣಿಯವನ ಅಜ್ಜಿಯ ಸಾವನ್ನು ಅಷ್ಟು ಒಡೆದ ಗಂಟಲಿನಲ್ಲಲ್ಲದೆ ಬೇರೆ ಹೇಗೂ ಓದಲಾಗುತ್ತಿರಲಿಲ್ಲ.

ಓದು ಮುಗಿಯಿತು. ಅವನು ಪುಸ್ತಕವನ್ನು ಮುಚ್ಚಿ ಗಾಜಿನತ್ತ ನೋಡಿದ.

"ಮೌನ ಬಾಕಿ ಇದೆ ಮೇಡಂ. ಆವತ್ತಿಂದೂ ಸೇರಿ."

ಅವಳು ಮುದ್ರಣವನ್ನು ಚಾಲೂ ಮಾಡಿ, ಎದ್ದು, ದಪ್ಪ ಬಾಗಿಲನ್ನು ತಳ್ಳಿ ಒಳಗೆ ಬಂದಳು. ಆ ಕೋಣೆಯಲ್ಲಿ ಕುರ್ಚಿ ಒಂದೇ. ನೆಲದ ಮೇಲೆ, ಅವನ ಮೊಣಕಾಲಿಗೆ ಬೆನ್ನನ್ನು ಆನಿಸಿ ಕುಳಿತಳು. ಇಬ್ಬರೂ ಅಲುಗಾಡಲಿಲ್ಲ. ಇಬ್ಬರ ಮೂಗೂ ಸಣ್ಣಗೆ ಸುಂಯ್‌ಗುಡುತ್ತಿತ್ತು.

ಗುಳಕ್!

"ಅಯ್ಯೋ, ತಪ್ಪಾಯ್ತು!" ಅವನು ಬಾಯಿಯ ಮೇಲೆ ಕೈಯಿಟ್ಟುಕೊಂಡ. "ಮೌನ ಹಾಳಾಯ್ತು. ಕತ್ತರಿಸ್ತೀರಾ?"

"ಇಲ್ಲ. ಇದನ್ನ ನಾನಿಟ್ಕೋತೀನಿ. ಪುಸ್ತಕಕ್ಕೆ ಇನ್ನೊಂದ್ಸಲ ಸುಮ್ನೆ ಕೂರೋಣ."

ಅವನು ಮೆಲ್ಲಗೆ ಅವಳ ತಲೆಯ ಮೇಲೆ ಕೈಯಿಟ್ಟ. "ಸಂಜೆ ಚಿಕ್ಕಮ್ಮ ಚಹಾಕ್ಕೆ ಕರೆದಿದ್ದಾರೆ, ಗೊತ್ತಾ? ನಿಮ್ಮ ಫೋನಿಂದಲೇ ನಂಬರು ತಗೊಂಡ್ರಂತೆ. ಗಂಟಲು ಸಮೇತ ಬಾ ಅಂದ್ರು. ಅದೇನು ಅಂತ ಅರ್ಥ ಆಗ್ಲಿಲ್ಲ."

ಅವಳು ನಗುವನ್ನು ಕಚ್ಚಿ ಹಿಡಿದಳು. "ಆಮೇಲೆ ಹೇಳ್ತೀನಿ. ದೊಡ್ಡ ಕಥೆ."

"ಚಹಾನ ಸೊರ್ರಂತ ಹೀರಬಹುದಾ?"

"ಹೀರಿ. ವಾಕರಿಕೆ ಬಂದ್ರೆ ಹೇಳ್ತೀನಿ."

"ಗುಂಡಿ ಒತ್ತಿ ಹೇಳ್ತೀರಾ?"

ಅವಳು ತಿರುಗಿ, ಮೊಣಕಾಲೂರಿ ಎದ್ದು, ಅವನ ಕಿವಿಯ ಹತ್ತಿರಕ್ಕೆ ಬಂದಳು.

"ಇಲ್ಲ... ಇಲ್ಲಿಂದ ಹೇಳ್ತೀನಿ."